ಜರೀನಾಬಿಗೆ ಬಂದ ನೆರೆ

ಮೂವತ್ತೊಂದು ವರ್ಷ ಸಾಲೆಯಲ್ಲಿ ಕನ್ನಡ ಕಲಿಸಿದ ನಾನು ಮೇಲವಂಕಿಯ ನಮ್ಮ ಓಣಿಯಲ್ಲಿ ನಿಂತು ಒಂದು ಪದವನ್ನು ತಪ್ಪು ಓದಿದೆ. ಎರಡೇ ಅಕ್ಷರದ ಪದ. ಅದರಿಂದ ಒಬ್ಬ ಹೆಣ್ಣುಮಗಳ ಅಂಗಳ ಮೂರು ವಾರ ಖಾಲಿ ಬಿತ್ತು. ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಜರೀನಾಬಿಯ ತವರು ಹುಕ್ಕೇರಿ. ಜಾಫರಸಾಬನನ್ನು ಮದುವೆಯಾಗಿ ಇಲ್ಲಿಗೆ ಬಂದಾಗ ಆಕೆಗೆ ಕನ್ನಡ ಅಷ್ಟಕ್ಕಷ್ಟೇ. ಗಂಡ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮನೆಮನೆಗೂ ಸ್ಟೀಲು ಬಂದು ಆ ಕೆಲಸ ಕಡಿಮೆಯಾದ ವರ್ಷ, ಏನು ತಿಳಿದನೋ, ಗೋಕಾಕದಿಂದ ಕೈಯಲ್ಲಿ ತಿರುವುವ ಒಂದು ಶಾವಿಗೆ ಮಷೀನು ಹೊತ್ತು ತಂದ. ಅವನು ತೀರಿಕೊಂಡು ಹನ್ನೆರಡು ವರ್ಷವಾಯಿತು. ಮಷೀನು ಇನ್ನೂ ಗಟ್ಟಿಯಾಗಿದೆ. ಜರೀನಾಬಿ ಕನ್ನಡ ಕಲಿತದ್ದೂ ಅದರ ಮುಂದೆಯೇ. ನನ್ನ ಸಾಲೆಯಲ್ಲಿ ಅಷ್ಟು ಬೇಗ ಯಾರೂ ಕಲಿಯಲಿಲ್ಲ.

ಆ ಮಷೀನು ಒಬ್ಬರಿಂದ ನಡೆಯುವಂಥದ್ದಲ್ಲ. ಅದನ್ನು ಹೊರಸಿಗೆ, ಅಂದರೆ ಮಂಚಕ್ಕೆ, ಬಿಗಿದ ಮೇಲೆ ಒಬ್ಬರು ನಾದಿದ ಹಿಟ್ಟು ತುಂಬಬೇಕು, ಒಬ್ಬರು ಹಿಡಿಕೆ ತಿರುವಬೇಕು, ಒಬ್ಬರು ಕೆಳಗಿಳಿಯುವ ಎಳೆಗಳನ್ನು ಹಿಡಿದು ಕತ್ತರಿಸಬೇಕು, ಮತ್ತೊಬ್ಬರು ಒಯ್ದು ಕೋಲಿನ ಮೇಲೆ ಒಣಹಾಕಬೇಕು. ಬೇಸಿಗೆ ಬಂದರೆ ಓಣಿಯ ಹೆಂಗಸರೆಲ್ಲ ಹಿಟ್ಟು ನಾದಿಕೊಂಡು ಅವಳ ಅಂಗಳಕ್ಕೆ ಬರುತ್ತಿದ್ದರು. ಜರೀನಾಬಿ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಒಂದು ಕಾಯಿದೆ ಇತ್ತು. ತನ್ನ ಹಿಟ್ಟು ಮುಗಿಯಿತೆಂದು ಯಾರೂ ಏಳುವಂತಿಲ್ಲ; ಮುಂದಿನವರದು ಮುಗಿಯುವ ತನಕ ಕೂತು ತಿರುವಬೇಕು. ಮುಂದಿನವರು ಯಾರೆಂದು ಹೇಳುವವಳು ಅವಳೇ. ಮಾತು ಬಿಟ್ಟವರನ್ನು ಆರಿಸಿ ಆರಿಸಿ ಹಿಂದೆಮುಂದೆ ಕೂಡಿಸುತ್ತಿದ್ದಳು.

ನನ್ನ ಹೆಂಡತಿ ಗೌರಕ್ಕನೂ ಎದುರುಮನೆಯ ಹನಮವ್ವನೂ ಒಂದು ಗಟಾರದ ಸಲುವಾಗಿ ಎರಡು ವರ್ಷ ಮುಖ ನೋಡಿರಲಿಲ್ಲ. ಒಂದು ಮಧ್ಯಾಹ್ನ ಗೌರಕ್ಕ ಹನಮವ್ವನ ಬುಟ್ಟಿ ಹಿಟ್ಟನ್ನು ಪೂರ್ತಿ ತಿರುವಬೇಕಾಯಿತು. ಬಾಯಿ ಮುಚ್ಚಿಕೊಂಡು ಅಷ್ಟು ಹೊತ್ತು ಕೂರುವುದು ನನ್ನ ಹೆಂಡತಿಯಿಂದ ಆಗದ ಮಾತು. ಸಂಜೆ ಹನಮವ್ವನ ಮನೆಯ ಉಪ್ಪಿನಕಾಯಿ ಹಿಡಿದುಕೊಂಡೇ ಬಂದಳು. ಹೋದ ವರ್ಷ ಧಾರವಾಡದ ಯಾವುದೋ ಸಂಸ್ಥೆಯ ಸುಮನ್ ಎಂಬ ಹುಡುಗಿ ಏನೋ ಮಾಹಿತಿ ಕೇಳಲು ಬಂದು, ಅದೇ ಕಾಯಿದೆಗೆ ಸಿಕ್ಕಿ, ಹೊತ್ತು ಮುಳುಗುವ ತನಕ ತಿರುವಿ ಹೋಗಿದ್ದಳು. ಅದನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು.

ಮರೆಯದೇ ಇದ್ದದ್ದು ಘಟಪ್ರಭೆ ಹೊಳೆ ಉಕ್ಕಿ ಊರೊಳಗೆ ಬಂದ ವರ್ಷ. ನಮ್ಮ ಓಣಿ ತಗ್ಗಿನಲ್ಲಿದೆ, ಜರೀನಾಬಿಯ ಮನೆ ಮಾತ್ರ ಏರಿನ ಮೇಲೆ. ನನ್ನ ಮನೆಯ ಹಿಂದಿನ ಗೋಡೆ ಬಿತ್ತು, ಹನಮವ್ವನ ಅಡುಗೆಮನೆ ಕುಸಿಯಿತು. ಪರಿಹಾರದ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರೂ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಕೇಳುತ್ತಾ ನಾನು ಸವೆಸಿದ ಚಪ್ಪಲಿಗಳನ್ನು ಲೆಕ್ಕ ಇಟ್ಟಿಲ್ಲ.

ಈ ವರ್ಷ ಯುಗಾದಿ ಮತ್ತು ರಮಜಾನ್ ಹಬ್ಬ ಒಂದರ ಬೆನ್ನಿಗೊಂದು ಬಂದಿದ್ದವು. ಎರಡು ಕಡೆಗೂ ಶಾವಿಗೆ ಬೇಕು. ಉಪವಾಸ ಶುರುವಾಗಿ ನಾಲ್ಕೈದು ದಿನಕ್ಕೆ ಜರೀನಾಬಿ ಒಂದು ಪತ್ರ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದಳು.

"ಮಾಸ್ತರ, ಇದರಾಗ ಏನ್ ಬರದಾರ ನೋಡ್ರಿ."

ಗಟ್ಟಿಯಾಗಿ ಓದುವುದು ನನ್ನ ಹಳೆಯ ಚಟ. "ಶ್ರೀಮತಿ ಜರೀನಾಬಿ ಅವರು ಈ ಸಾಲಿನ ನೆರೆ ಅನುದಾನಕ್ಕೆ ಆಯ್ಕೆಯಾಗಿದ್ದಾರೆ. ಇಪ್ಪತ್ತಾರನೆಯ ತಾರೀಖು ನಮ್ಮ ಪ್ರತಿನಿಧಿ ಸ್ಥಳ ಪರಿಶೀಲನೆಗೆ ಬರುತ್ತಾರೆ."

ಎದುರಿನ ನಳದಲ್ಲಿ ನೀರು ಹಿಡಿಯುತ್ತಿದ್ದ ಹನಮವ್ವ ಕೊಡ ತುಂಬಿ ಸುರಿಯುತ್ತಿದ್ದರೂ ನಳ ಬಂದ್ ಮಾಡಲಿಲ್ಲ.

"ನೆರಿ ಅಂದ್ರ ಹೊಳಿ ಬಂದದ್ದಲ್ರಿ ಮಾಸ್ತರ? ನನ್ನ ಮನಿಗೆ ಹೊಳಿ ಬಂದೇ ಇಲ್ಲಲ್ಲ?" ಎಂದಳು ಜರೀನಾಬಿ.

"ಅದನ್ನ ನೀನ ಹೇಳಬೇಕವಾ" ಎಂದೆ. ನನ್ನ ದನಿಯಲ್ಲಿ ವಿಷ ಇತ್ತು, ಒಪ್ಪುತ್ತೇನೆ. ಹೊಟ್ಟೆ ಉರಿಯುತ್ತಿತ್ತು. ಪತ್ರದ ಉಳಿದ ಸಾಲುಗಳನ್ನು ಓದದೆ, ಕಳಿಸಿದವರು ಯಾರೆಂದೂ ನೋಡದೆ ಮಡಚಿ ಕೊಟ್ಟೆ.

ಹೊತ್ತು ಇಳಿಯುವುದರೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಗೋಡೆ ಬಿದ್ದವರಿಗೆ ಏನೂ ಇಲ್ಲ, ಹನಿ ನೀರು ನುಗ್ಗದ ಮನೆಗೆ ನೆರೆ ಅನುದಾನ! ಯಾರ ಕೈ ಹಿಡಿದಳು, ಯಾವಾಗ ಅರ್ಜಿ ಹಾಕಿದಳು? ಜರೀನಾಬಿಗೆ ಒಂದೂ ತಿಳಿಯದು. ಯಾರದೋ ಹೆಸರಿನದು ತಪ್ಪಿ ತನಗೆ ಬಂದಿದೆ ಎಂದುಕೊಂಡು ಉಪವಾಸದಲ್ಲೇ ಬಸ್ಸು ಹತ್ತಿ ಗೋಕಾಕದ ತಹಶೀಲ್ದಾರ ಕಚೇರಿಗೆ ಹೋದಳು. ಇಂಥ ಪತ್ರ ನಾವು ಕಳಿಸಿಯೇ ಇಲ್ಲ ಎಂದರಂತೆ. ಬಂದು ಹಾಗೇ ಹೇಳಿದಳು. ಅದು ಇನ್ನೂ ಕೆಟ್ಟದಾಯಿತು. ಈಗ ಮುಚ್ಚಿಡುತ್ತಿದ್ದಾಳೆ ಎಂದರು ಜನ. ನಾನೂ ಅಂದೆ.

ಅವಳ ಅಂಗಳಕ್ಕೆ ಯಾರೂ ಹೋಗಲಿಲ್ಲ. ಬೆಳಿಗ್ಗೆ ಅವಳು ಮಷೀನನ್ನು ಹೊರಸಿಗೆ ಬಿಗಿಯುವುದು, ಸಂಜೆ ಬಿಚ್ಚಿ ಒಳಗಿಡುವುದು ನಮ್ಮ ಕಟ್ಟೆಯಿಂದ ಕಾಣುತ್ತಿತ್ತು. ಹುಕ್ಕೇರಿಗೆ ಕೊಟ್ಟ ಮಗಳು ಸಮ್ರೀನಳ ಮನೆಗೆ ಹಬ್ಬದ ಶಾವಿಗೆ ಕಳಿಸಬೇಕಿತ್ತು. ಒಂದು ದಿನ ಒಬ್ಬಳೇ ತುಂಬಿ, ಒಬ್ಬಳೇ ತಿರುವಿ, ಎದ್ದು ಹಿಡಿಯಲು ಹೋಗುವಷ್ಟರಲ್ಲಿ ಎಳೆಗಳೆಲ್ಲ ನೆಲಕ್ಕೆ ಬಿದ್ದು ಅಂಟಿಕೊಂಡವು. ಗೌರಕ್ಕ ಅದನ್ನು ನೋಡಿ "ಹೋಗ್ಲೇನ್ರಿ?" ಎಂದಳು. "ಹೋಗು, ರೊಕ್ಕ ಬರೂ ಮನಿ" ಎಂದೆ. ಅವಳು ಹೋಗಲಿಲ್ಲ. ಆ ರಾತ್ರಿ ಊಟದ ತಾಟನ್ನು ನನ್ನ ಮುಂದೆ ಕುಕ್ಕಿ ಒಳಗೆ ಹೋದಳು.

ಇಪ್ಪತ್ತಾರನೆಯ ತಾರೀಖು ಮಾತ್ರ ಇಡೀ ಓಣಿ ಜರೀನಾಬಿಯ ಅಂಗಳದಲ್ಲಿತ್ತು. ಎಲ್ಲರ ಕಂಕುಳಲ್ಲೂ ಪ್ಲಾಸ್ಟಿಕ್ ಚೀಲ, ಅದರೊಳಗೆ ಕಾಗದಪತ್ರ. ನನ್ನದರಲ್ಲಿ ಬಿದ್ದ ಗೋಡೆಯ ಫೋಟೋ. ಪರಿಶೀಲನೆಗೆ ಬರುವವರನ್ನು ಹಿಡಿದು ಕೇಳಿಯೇ ಬಿಡುವುದೆಂದು ನಿರ್ಧಾರವಾಗಿತ್ತು. ಜರೀನಾಬಿ ಎಲ್ಲರಿಗೂ ಚಾಪೆ ಹಾಸಿದಳು. ಯಾಕೆ ಬಂದಿದ್ದೇವೆಂದು ಗೊತ್ತಿದ್ದೂ ಅವಳ ಮುಖ ಅರಳಿತ್ತು. ಅದನ್ನು ನೋಡಲಾಗದೆ ನಾನು ಹೊರಸಿನ ಕಡೆ ತಿರುಗಿ ಕೂತೆ. ಮಷೀನು ಬಿಗಿದಿತ್ತು. ಬಾಜೂಕ್ಕೆ ಒದ್ದೆ ಬಟ್ಟೆ ಮುಚ್ಚಿದ ಹಿಟ್ಟು.

ಬಂದವಳು ಸುಮನ್. ಧಾರವಾಡದ ಅದೇ ಹುಡುಗಿ. ನಾವು ಮುಖಮುಖ ನೋಡಿಕೊಂಡೆವು. ಅವಳು ಬಾಯಿ ತೆರೆಯುವ ಮೊದಲೇ ಜರೀನಾಬಿ ಪತ್ರವನ್ನು ಅವಳ ಕೈಗಿಟ್ಟಳು.

"ಇದು ನಂದಲ್ರಿ ಮೇಡಂ. ನನ್ನ ಹೆಸರ ಹೊಡೆದು ಹನಮವ್ವಂದು ಬರಕೋರಿ. ಆಕಿ ಅಡಗಿಮನಿ ಬಿದ್ದೈತಿ. ಇಲ್ಲಾ ನಮ್ಮ ಮಾಸ್ತರದು ಬರೀರಿ."

ಎಲ್ಲರಿಗಿಂತ ಹೆಚ್ಚು ಕೂಗಾಡಿದ್ದ ಹನಮವ್ವ ತಲೆ ತಗ್ಗಿಸಿದಳು. ಸುಮನ್‌ಗೆ ಏನೂ ತಿಳಿಯಲಿಲ್ಲ.

"ಅಡಗಿಮನಿಗೂ ಇದಕ್ಕೂ ಏನ್ ಸಂಬಂಧರಿ? ಹೊಳಿ ನೆರಿ ಅಂತ ತಿಳದೀರೇನ್ರಿ? ಇದು ನಮ್ಮ ಸಂಸ್ಥೆದು, ಹೊಳಿ ನೆರಿ ಅಲ್ಲ. ನೆರೆಹೊರಿ, ನೆರೆಹೊರಿ! ಬಾಜೂಮನಿ ಮಂದೀನ ಕೂಡಸವರಿಗೆ ಕೊಡೂದು. ಹೋದ ವರ್ಷ ನನಗ ಹಿಡಿಕಿ ಕೊಟ್ಟು ಕುಂದರಸಿದ್ರಲ್ಲ, ಅದಕ್ಕ."

ನೆರೆಹೊರೆ. ನಾಲ್ಕನೆಯ ತರಗತಿಯಲ್ಲಿ ನಾನೇ ಪ್ರತಿವರ್ಷ ಅರ್ಥ ಬರೆಸುತ್ತಿದ್ದ ಪದ. ಪತ್ರದಲ್ಲಿ ಮುಂದಿನ ಸಾಲಿನಲ್ಲೇ ಅದು ಇತ್ತಂತೆ. ನಾನು ಓದದೆ ಮಡಚಿದ್ದು ಆ ಸಾಲನ್ನೇ.

ಜರೀನಾಬಿಗೆ ಇನ್ನೂ ಬಗೆಹರಿದಿರಲಿಲ್ಲ.

"ಮಂದಿ ಬರತಾರಂತ ಇದನ್ನ ಕೊಟ್ಟೀರಿ, ಹೌದಲ್ರಿ?" ಎಂದಳು. "ಹಂಗಾರ ಇದು ಬಂದ ದಿನದಿಂದ ಇವರೆಲ್ಲಾ ಬರೂದು ಯಾಕ ಬಿಟ್ರು?"

ಅವಳು ಕೇಳಿದ್ದು ಸುಮನ್‌ಳನ್ನು. ಚುಚ್ಚಲು ಕೇಳಿದ್ದಲ್ಲ, ಖರೇನೇ ತಿಳಿಯದೆ ಕೇಳಿದ್ದು. ಪೂರ್ತಿ ಉತ್ತರ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಹೊಳೆ ಬಂದಾಗ ಐದು ದಿನ ನಾನು ಮಲಗಿದ್ದು ಈ ಮನೆಯ ಒಳಕೋಣೆಯಲ್ಲಿ. ಅವಳು ಹೊರಗೆ ಇದೇ ಹೊರಸಿನ ಮೇಲೆ ಕೂತಿದ್ದಳು.

"ನಾ ತಪ್ಪು ಓದಿದೆ, ಜರೀನಾ" ಎಂದೆ. "ಪೂರಾ ಓದಲಿಲ್ಲ. ಹೊಟ್ಟಿಕಿಚ್ಚು."

ಹನಮವ್ವ ಎದ್ದು ಭರಭರ ಹೊರಟುಹೋದಳು. ಸಿಟ್ಟಾಯಿತೆಂದುಕೊಂಡೆವು. ಹೋದಷ್ಟೇ ಬೇಗ ಬಂದಳು, ಸೊಂಟದ ಮೇಲೆ ಹಿಟ್ಟಿನ ಬುಟ್ಟಿ. ಗೋಕಾಕದ ಕರೆಂಟ್ ಮಷೀನಿಗೆ ಒಯ್ಯಲೆಂದು ಬೆಳಿಗ್ಗೆಯೇ ನಾದಿಟ್ಟಿದ್ದಳಂತೆ. ಅದನ್ನು ಹೊರಸಿನ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಮಾಸ್ತರ, ಮಾತ ಸಾಕು. ಸರಿರಿ, ಹಿಡಿಕಿ ಹಿಡೀರಿ. ಮದಲ ಸಮ್ರೀನಂದು ಮುಗಸೂನು."

ನನ್ನ ಜನ್ಮದಲ್ಲಿ ಗಂಡಸರು ಆ ಹಿಡಿಕೆ ಹಿಡಿದದ್ದನ್ನು ಕಂಡಿರಲಿಲ್ಲ. ಹಿಡಿದೆ. ಗೌರಕ್ಕ ಎಳೆ ಹಿಡಿದಳು, ಸುಮನ್ ಕೋಲಿಗೆ ಹಾಕಿದಳು. ಅನುದಾನದ ಕಾಗದ ಯಾರದೋ ಚಾಪೆಯ ಕೆಳಗೆ ಬಿದ್ದಿತ್ತು. ಸಮ್ರೀನಳ ಪಾಲು ಮುಗಿಯುವಷ್ಟರಲ್ಲಿ ನನ್ನ ರಟ್ಟೆ ಸೋತುಹೋಗಿತ್ತು. ಹಬ್ಬದ ಹೊಣೆ ತೀರಿತೆಂದು ಮೆಲ್ಲಗೆ ಏಳಲು ಹೋದೆ.

"ಎಲ್ಲಿಗ್ರಿ ಮಾಸ್ತರ?" ಎಂದಳು ಜರೀನಾಬಿ. "ಹನಮವ್ವಂದು ಮುಗದಿಲ್ಲ ಇನ್ನಾ."

ಕೂತೆ.