ಮಾವನವರ ಅಂಜಿಕೆ

ನಮ್ಮ ಮಾವನವರ ಎಡ ಹುಬ್ಬನ್ನು ಸೀಳಿಕೊಂಡು ಒಂದು ಗಾಯದ ಗುರುತು ಕಿವಿಯವರೆಗೂ ಹೋಗಿತ್ತು. ಮೋಡ ಕಟ್ಟಿತೆಂದರೆ ಅವರ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಹರೆಯದಲ್ಲಿ, ಯುಗಾದಿ ಮುಗಿದ ಹೊಸದರಲ್ಲಿ ಬಿದ್ದ ಮೊದಲ ಮಳೆಗೆ, ಅಥಣಿ ರಸ್ತೆಯಲ್ಲಿ ಅವರ ಮೋಟಾರ್‌ಸೈಕಲ್ ಜಾರಿತ್ತು. ಹಿಂದೆ ಕೂತಿದ್ದ ತಮ್ಮ ಉಳಿಯಲಿಲ್ಲ. ಇದನ್ನು ನನಗೆ ಹೇಳಿದವರು ಅತ್ತೆ. ಮಾವನವರು ಆ ಮಾತು ಎತ್ತಿದವರಲ್ಲ.

ಯಡೂರಿನ ಹತ್ತಿರ ನಮ್ಮ ಮನೆ, ಕಬ್ಬಿನ ಹೊಲ. ಒಂದು ಹಳೆಯ ಜೀಪೂ ಇತ್ತು. ಬೇಸಿಗೆಯ ಬಿಸಿಲು ಏರತೊಡಗಿದ ಕೂಡಲೇ ಮಾವನವರು ಅದರ ಟೈರು ಸವರಿ ನೋಡುವರು, ವೈಪರಿನ ರಬ್ಬರು ಬದಲಿಸುವರು.

"ಮಳಿಗಾಲಕ್ಕ ಇನ್ನೂ ಟೈಮ್ ಐತಲ್ಲರಿ ಅಪ್ಪಾ," ಎಂದು ನನ್ನ ಗಂಡ ನಗುವರು.

"ಮಳಿಗಾಲದ ಮಳಿ ರಸ್ತಾ ತೊಳೀತೈತಿ. ಈ ಮೊದಲನೇ ಮಳಿ ಎಣ್ಣಿ, ಧೂಳ ಕಲಸಿ ತುಪ್ಪ ಸವರಿದಂಗ ಮಾಡತೈತಿ," ಎನ್ನುವರು ಮಾವನವರು.

ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ನಾನು ದಿನ ತುಂಬಿದ ಬಸುರಿ. ಗಂಡ ನಿಪ್ಪಾಣಿಗೆ ಹೋಗಿದ್ದ ಮಧ್ಯಾಹ್ನವೇ ನೋವು ಶುರುವಾಯಿತು. ಜೀಪಿನ ಹಿಂದಿನ ಸೀಟಿನಲ್ಲಿ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು; ಮಾವನವರು ಚಿಕ್ಕೋಡಿಯ ಆಸ್ಪತ್ರೆಗೆ ಹೊರಟರು. ಅರ್ಧ ದಾರಿಗೆ ಪಡುವಣ ಕಪ್ಪಾಯಿತು. ಗಾಳಿ ಎದ್ದು ಧೂಳು, ಕಬ್ಬಿನ ರವದಿಯ ಒಣಗರಿ ಗಾಜಿಗೆ ಬಂದು ಬಡಿಯತೊಡಗಿದವು. ಹನಿ ಬಿದ್ದವು. ಮಾವನವರು ದೀಪ ಹಾಕಿ ಎತ್ತಿನ ಬಂಡಿಯ ವೇಗಕ್ಕಿಳಿದರು.

"ಹುಡುಗಿ ಜೀವ ಹೊಂಟೈತಿ, ಜೋರ ಹೊಡೀರಿ!" ಅತ್ತೆ ಕಿರುಚಿದರು.

ಮುಂದೆ ರಸ್ತೆಯ ಎರಡೂ ಬದಿ ಹುಣಸೆಮರಗಳ ಸಾಲು. ಅದು ಬರುವ ಮೊದಲೇ, ಬಟಾಬಯಲಿನಲ್ಲಿ, ರಸ್ತೆಯ ಬದಿಗೆ ತೆಗೆದು ಜೀಪು ನಿಲ್ಲಿಸಿಬಿಟ್ಟರು.

"ಮಾವಾರ, ನಿಲ್ಲಸಬ್ಯಾಡ್ರಿ, ನಾ ಸಾಯ್ತೀನ್ರಿ," ಎಂದೆ.

"ಗಿಡದ ಕೆಳಗ ಒಯ್ಯಂಗಿಲ್ಲವ್ವಾ. ಕಣ್ಣಿಗೇನೂ ಕಾಣವಲ್ದು. ಒಂದೀಟ ತಡಿ."

ಆಲಿಕಲ್ಲು ಶುರುವಾದವು. ಜೀಪಿನ ಪಕ್ಕದ ಪರದೆ ಗಾಳಿಗೆ ಕಿತ್ತುಹೋಗಿ, ಕಲ್ಲುಗಳು ನನ್ನ ಹೊಟ್ಟೆಯ ಮೇಲೆಯೇ ಬೀಳತೊಡಗಿದವು. ಮಾವನವರು ಕೆಳಗಿಳಿದು ಆ ಪರದೆಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದರು. ನೋವಿನಲ್ಲಿದ್ದ ಸೊಸೆಯ ಕಡೆ ನೋಡಬಾರದೆಂದೋ ಏನೋ, ಕಲ್ಲು ಬರುವ ಕಡೆಗೇ ಮುಖವೊಡ್ಡಿ ನಿಂತರು. ಪ್ರತಿ ಸಿಡಿಲಿಗೂ ಅವರ ಹೆಗಲು ಅದುರುವುದು ಕಾಣುತ್ತಿತ್ತು. ಕೈ ಮಾತ್ರ ಬಿಡಲಿಲ್ಲ. ಇವರು ಬಿದ್ದರೆ? ಅತ್ತೆಗಾಗಲಿ ನನಗಾಗಲಿ ಜೀಪು ಓಡಿಸಲು ಬರದು. ಹೆರಿಗೆಯ ನೋವಿಗಿಂತ ಆ ಯೋಚನೆಯೇ ನನ್ನನ್ನು ಹೆಚ್ಚು ಹೆದರಿಸಿತು.

ಕಲ್ಲು ನಿಂತ ಮೇಲೆ ಮತ್ತೆ ಹೊರಟೆವು. ಹುಣಸೆ ಸಾಲಿನಲ್ಲಿ ದೊಡ್ಡದೊಂದು ಕೊಂಬೆ ಮುರಿದು ಅರ್ಧ ರಸ್ತೆಗೆ ಅಡ್ಡ ಬಿದ್ದಿತ್ತು. ಮಾವನವರು ಅದರ ಮಗ್ಗುಲಿಂದ ಜೀಪು ದಾಟಿಸಿದರು. ಅತ್ತೆ ಕತ್ತು ಹೊರಳಿಸಿ ಆ ಕೊಂಬೆಯನ್ನೇ ನೋಡಿದರು.

ಸಂಜೆ ಮಗಳು ಹುಟ್ಟಿದಳು. ನರ್ಸ್ ಹೊರಗೆ ಬರುತ್ತಲೇ ಮಾವನವರು ಕೇಳಿದ್ದು: "ಇಬ್ಬರೂ ಉಸರಾಡಾಕತ್ತಾರಲ್ಲರಿ?" ಹೌದೆಂದಾಗ ಬೆಂಚಿನ ಮೇಲೆ ಕುಸಿದು, ಬಾತುಹೋಗಿದ್ದ ಮುಖ ಮುಚ್ಚಿಕೊಂಡು ಅತ್ತರಂತೆ.

ತವರಿನಲ್ಲಿ ಬಾಣಂತನ ಮುಗಿಸಿ ನಾನು ಬಂದ ಮೇಲೆ ಒಂದು ಬೆಳಿಗ್ಗೆ ಮಾವನವರು ನನ್ನ ಮುಂದೆ ಜೀಪಿನ ಕೀಲಿ ಇಟ್ಟರು.

"ಅವತ್ತ ನಾ ಬಿದ್ದಿದ್ರ ಯಾರ ಗಾಡಿ ಹೊಡೀತಿದ್ರು? ನೀ ಕಲಿಯವ್ವಾ."

"ಮಂದಿ ಏನಂತಾರ್ರೀ?"

"ಮಂದಿ ಆ ಮಳ್ಯಾಗ ಬಂದಿದ್ರೇನ?"

ಕಬ್ಬು ಕಡಿದ ಖಾಲಿ ಹೊಲದಲ್ಲಿ, ಪಕ್ಕದಲ್ಲಿ ಕೂತು, ನನಗಿಂತ ಹೆಚ್ಚು ತಾವೇ ಬೆವರುತ್ತ ಕಲಿಸಿದರು.

ಕೆಲವು ವರ್ಷಗಳ ನಂತರ, ಅವರು ನಿದ್ದೆಯಲ್ಲೇ ತೀರಿಹೋದರು. ಹಾರೂಗೇರಿಯಲ್ಲಿದ್ದ ಅವರ ಅಕ್ಕನನ್ನು ಕರೆತರಲು ನಾನೇ ಜೀಪು ತೆಗೆದೆ. ಊರು ದಾಟುವಷ್ಟರಲ್ಲಿ ಕಣ್ಣು ತುಂಬಿ ರಸ್ತೆ ಮಸುಕಾಯಿತು. ಬದಿಗೆ ನಿಲ್ಲಿಸಿದೆ. ಅತ್ತು ಮುಗಿಸಿ, ಮುಖ ಒರೆಸಿಕೊಂಡು, ಮತ್ತೆ ಹೊರಟೆ.