ಗುಲಾಬಿ ಮುಚ್ಚಳದ ಬಾಟಲಿ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ರೊಟ್ಟಿ ಬೇಯಿಸುವಾಗ ಕನ್ನಡಕವನ್ನು ಹಣೆಗೆ ಏರಿಸಿಕೊಳ್ಳುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿದೊಡನೆ ಏಳುವ ಉಗಿಗೆ ಗಾಜು ಮಂಜಾಗುತ್ತಿತ್ತು. ಕನ್ನಡಕವಿಲ್ಲದೆ ಅಂದಾಜಿನ ಮೇಲೆ ರೊಟ್ಟಿ ತಿರುವಿ ತಿರುವಿ ಬೆರಳ ತುದಿಯಲ್ಲಿ ಯಾವಾಗಲೂ ಒಂದೆರಡು ಬೊಬ್ಬೆ. ಲೇಸರ್ ಮಾಡಿಸಿಕೋ ಎಂದು ಅವಳ ಬೆನ್ನು ಹತ್ತಿದವಳು ನಾನೇ.

ಸೋಮವಾರ ವಿಜಯಪುರದಲ್ಲೇ ಎರಡೂ ಕಣ್ಣಿಗೆ ಆಯಿತು. ಮರುದಿನದ ತಪಾಸಣೆಯಲ್ಲಿ ಎಲ್ಲ ಚೆನ್ನಾಗಿತ್ತು. ಆಸ್ಪತ್ರೆಯವರು ಎರಡು ಬಾಟಲಿ, ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ಕೊಟ್ಟಿದ್ದರು.

"ಅದನ್ನ ಹಿರೇ ಸೊಸಿ ಕೈಯಾಗ ಕೊಡ್ರಿ, ಕಾನ್ವೆಂಟ್ ಸಾಲಿ ಕಲತಾಕಿ," ಎಂದರು ಅತ್ತೆ. "ನನಗೇನ, ಔಷಧದ ಚೀಟಿನೂ ಒಂದ, ಲಗ್ನಪತ್ರಿಕಿನೂ ಒಂದ."

ನನಗೆ ಒಳಗೊಳಗೇ ಹಿಗ್ಗು. ಸ್ಕೇಲು ಇಟ್ಟು ಗೆರೆ ಎಳೆದು ಚೌಕಗಳ ಪಟ್ಟಿ ಮಾಡಿದೆ. ಗುಲಾಬಿ ಮುಚ್ಚಳದ್ದು ಬಾವು ಬರದಂತೆ ತಡೆಯುವ ಸ್ಟೀರಾಯ್ಡ್ ಹನಿ, ಎಚ್ಚರವಿರುವಷ್ಟು ಹೊತ್ತೂ ಎರಡು ತಾಸಿಗೊಮ್ಮೆ. ಬಿಳಿ ಮುಚ್ಚಳದ್ದು ಕಣ್ಣು ಒಣಗದಿರಲೆಂದು ಹಾಕುವ ಬರೀ ತಂಪಿನ ಹನಿ.

ಗುಲಾಬಿ ಬಾಟಲಿಯ ಡಬ್ಬಿಯೊಳಗೆ ಎಂಟು ಮಡಿಕೆಯ ಒಂದು ತೆಳು ಕಾಗದವಿತ್ತು. ಅದನ್ನು ಓದು ಎಂದು ಯಾರೂ ಹೇಳಿರಲಿಲ್ಲ. ಇರುವೆಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದೆ. ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು ಎಂದಿತ್ತು. ಆ ಸಾಲನ್ನು ಎರಡು ಸಲ ಓದಿದೆ. ಡಾಕ್ಟರಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಓದಿ ತಿಳಿದುಕೊಂಡಿದ್ದೇನಲ್ಲ ಎಂಬ ಧೈರ್ಯ. ಅಂದಿನಿಂದ ಗುಲಾಬಿ ಹನಿ ಬೆಳಿಗ್ಗೆಗೊಮ್ಮೆ, ಸಂಜೆಗೊಮ್ಮೆ ಮಾತ್ರ. ಉಳಿದ ಹೊತ್ತಿನಲ್ಲೆಲ್ಲ ಅವಳ ಕಣ್ಣಿಗೆ ಬಿಳಿಯದನ್ನೇ ಹಾಕಿದೆ. ಗುಲಾಬಿಯ ಚೌಕಗಳಲ್ಲಿ ಮಾತ್ರ ಒಂದೂ ಬಿಡದೆ ಟಿಕ್ ಮಾಡಿದೆ. ಖಾಲಿ ಬಿಟ್ಟರೆ ಡಾಕ್ಟರು ಕೇಳುತ್ತಾರಲ್ಲ.

"ಅಕ್ಕಾರ, ಇದು ತಣ್ಣಗ ಐತ್ರಿ. ಮೊದಲಿಂದು ಚುರುಚುರು ಅಂತಿತ್ತು," ಎಂದಳು ಅವಳು, ಕಣ್ಣು ಮುಚ್ಚಿ ಮಲಗಿ.

"ಗುಣ ಆಗಾಕತ್ತೈತಿ ಬಿಡು," ಎಂದೆ.

ಬುಧವಾರ ಅವಳು ಗಂಡನ ಜೊತೆ ತಿಕೋಟಾಕ್ಕೆ ಹೋಗಿ ಅರ್ಧ ತಾಸು ಇದ್ದು ಬಂದಳು. ಅಲ್ಲಿ ಗಂಧಕದ ಹೊಗೆ ಕೊಟ್ಟು ನಮ್ಮ ದ್ರಾಕ್ಷಿ ಒಣಗಿಸುವ ಶೆಡ್ಡಿದೆ. ಕರಿ ಕನ್ನಡಕ ಹಾಕಿಕೊಂಡೇ ಹೋಗಿದ್ದಳು. ಗುರುವಾರ ಎದ್ದಾಗ ಎಲ್ಲ ಮಸುಕು ಮಸುಕು, ಬೆಳಕು ನೋಡಿದರೆ ಕಣ್ಣಲ್ಲಿ ನೀರು.

"ಗಂಧಕದ ಹೊಗಿ ಹಾಕೂ ಜಾಗಾಕ್ಕ ಹೋಗಂದವ್ರ ಯಾರ ಬೇ ನಿನಗ? ಮ್ಯಾಲ ಕಣ್ಣ ತಿಕ್ಕೊಂಡಿರತಿ," ಎಂದು ಅತ್ತೆ ದಿನವಿಡೀ ಅಂದರು. ನಾನು ಕೊತ್ತಂಬರಿ ಸೋಸುತ್ತಾ ಕೂತಿದ್ದೆ. ಹೊಗೆಯೇ ಕಾರಣ ಇದ್ದರೂ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಡಾಕ್ಟರು ಯಂತ್ರದ ಮುಂದೆ ಅವಳ ಗದ್ದವಿರಿಸಿ ಬಹಳ ಹೊತ್ತು ನೋಡಿದರು. ಲೇಸರಿಗಾಗಿ ಎತ್ತಿ ಮುಚ್ಚಿದ ತೆಳು ಪದರದ ಕೆಳಗೆ ಬಾವು ಬಂದಿದೆ, ಬಲಗಣ್ಣಿನಲ್ಲಿ ಜಾಸ್ತಿ ಎಂದರು.

"ಗುಲಾಬಿ ಡ್ರಾಪ್ಸ್ ಎರಡು ತಾಸಿಗೊಮ್ಮೆ ಹಾಕೀರಲ್ರಿ?"

ನಾನು ಪಟ್ಟಿಯನ್ನು ಮುಂದೆ ಹಿಡಿದೆ. ಅವರು ಟಿಕ್ಕುಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಇಷ್ಟು ಹಾಕಿದ್ರೂ ಹೆಚ್ಚಾಗೈತಿ ಅಂದ್ರ ಸೋಂಕಿರಬಹುದು. ಈ ಡ್ರಾಪ್ಸ್ ಸದ್ಯ ನಿಲ್ಲಸ್ರಿ. ನಾಳೆ ಪದರ ಎತ್ತಿ ತೊಳದು, ಪರೀಕ್ಷೆಗೆ ಕಳಸೋಣ. ಕಣ್ಣು ತಿಕ್ಕಿರೇನವಾ?"

"ನಿದ್ದಿಗಣ್ಣಾಗ ತಿಕ್ಕೊಂಡೇನೋ ಏನೋ ರೀ," ಎಂದಳು ಅವಳು. ಮಾಡದ ತಪ್ಪನ್ನು ಅವಳಾಗಲೇ ಒಪ್ಪಿಕೊಂಡಿದ್ದಳು. ನಾನು ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡೆ.

ಮಧ್ಯಾಹ್ನ ಬಬಲೇಶ್ವರದಿಂದ ಅವಳ ತಾಯಿ ಬಸ್ಸಿಗೆ ಬಂದರು. ಊಟವಾದ ಮೇಲೆ ನಾನು ನೀರಿನ ತಂಬಿಗೆ ಹಿಡಿದು ಕೋಣೆಗೆ ಹೋದೆ. ನೆಗೆಣ್ಣಿ ಮಲಗಿದ್ದಳು. ಅವಳ ಎರಡೂ ಮುಂಗೈಗಳನ್ನು ಹಳೆಯ ಸೀರೆಯ ಮೆತ್ತನೆಯ ಚೂರಿನಿಂದ ಮಂಚದ ಪಟ್ಟಿಗೆ ಕಟ್ಟಿತ್ತು. ಬಳೆ ಒತ್ತದಿರಲೆಂದು ಮೊಣಕೈವರೆಗೆ ಸರಿಸಿತ್ತು.

"ನಾನ ಕಟ್ಟೇನ್ರಿ," ಎಂದರು ತಾಯಿ ಮೆಲ್ಲಗೆ. "ನಿದ್ದಿಯೊಳಗ ಕೈ ಮಾತ ಕೇಳೂದಿಲ್ರಿ. ಸಣ್ಣಾಕಿದ್ದಾಗಿಂದ ಇಕೀದು ಇದ ಚಟ. ನಾನ ಬಿಡಸಬೇಕಿತ್ತು, ನನ್ನ ತಪ್ಪ."

ಅವರೂ ಒಂದು ಪಾಲು ತಪ್ಪು ಹೊತ್ತುಕೊಂಡರು. ನನ್ನ ಪಾಲನ್ನು ಇಡೀ ಮನೆ ಹಂಚಿಕೊಳ್ಳುತ್ತಿತ್ತು.

"ಆಕಿ ತಿಕ್ಕಿಲ್ರಿ," ಎಂದೆ. "ಔಷಧ ನಾನ ಹಾಕಿಲ್ಲ." ಎಲ್ಲವನ್ನೂ ಹೇಳಿದೆ.

ಆ ತಾಯಿ ಬೈಯಲಿಲ್ಲ. ಗಂಟು ಬಿಚ್ಚುತ್ತಾ ಕೇಳಿದರು: "ಮತ್ತ ಆ ಹಾಳ್ಯಾಗ ಹಾಕೇನಂತ ಗೆರಿ ಹೊಡದಿದ್ರಲ್ಲ ಯವ್ವಾ?"

ಮಲಗಿದ್ದವಳು ಕಣ್ಣು ತೆರೆದಳು. ಎಷ್ಟು ಹೊತ್ತಿನಿಂದ ಎಚ್ಚರವಿದ್ದಳೋ. "ಅತ್ತಿ ಮುಂದನೂ ಇದನ್ನ ಹೇಳ್ರಿ ಅಕ್ಕಾರ," ಎಂದಳು, ಅಷ್ಟೇ.

ಅತ್ತೆಯ ಮುಂದೆ ಹೇಳಿದೆ. "ನಿನ್ನ ಇಂಗ್ಲಿಷಿಗಿಷ್ಟ ಬೆಂಕಿ ಹಾಕ್ಲಿ! ಆ ಕೂಸಿಗೆ ನಾ ಎಷ್ಟ ಬೈದ್ನೆಲಾ," ಎಂದು ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆ ತಾಸಿನಲ್ಲೇ ಆಸ್ಪತ್ರೆಗೆ ಹೋದೆವು. ನಾನು ಹೇಳಿದ್ದನ್ನು ಕೇಳಿ ಡಾಕ್ಟರು ಪಟ್ಟಿಯನ್ನು ಮಡಚಿ ನನ್ನ ಕೈಗೆ ವಾಪಸು ಕೊಟ್ಟರು. ಮತ್ತೆ ಯಂತ್ರದಲ್ಲಿ ನೋಡಿ, ಗುಲಾಬಿ ಹನಿಯನ್ನು ತಾಸಿಗೊಮ್ಮೆ ಶುರು ಮಾಡಿಸಿದರು. ಆದರೂ ಶನಿವಾರ ಬಲಗಣ್ಣಿನ ಪದರ ಎತ್ತಿ ತೊಳೆಯಲೇಬೇಕಾಯಿತು. ಸೋಂಕು ಇರಲಿಲ್ಲ. ಹೊಗೆಯ ಪಾಲೆಷ್ಟು, ನನ್ನದೆಷ್ಟು ಎಂದು ಕೇಳಿದ್ದಕ್ಕೆ, "ಅದನ್ನ ಹೇಳಾಕ ಬರೂದಿಲ್ರಿ, ಹನಿ ಬಿದ್ದಿದ್ರ ಇಷ್ಟಕ್ಕ ಬರ್ತಿದ್ದಿಲ್ಲ," ಎಂದರು.

ಎಡಗಣ್ಣು ಪೂರ್ತಿ ತಿಳಿಯಾಯಿತು. ಬಲಗಣ್ಣಿಗೆ ಇಂದಿಗೂ ದೀಪದ ಸುತ್ತ ಬಳೆಯಂಥದ್ದು ಕಾಣುತ್ತದೆಯಂತೆ. ರೊಟ್ಟಿಯನ್ನೀಗ ನೋಡಿಯೇ ತಿರುವುತ್ತಾಳೆ.

ಹನಿಯ ಲೆಕ್ಕವನ್ನು ಮೆಲ್ಲಗೆ ಕಡಿಮೆ ಮಾಡುವ ವಾರಗಳಲ್ಲಿ ನಾನು ಬಾಟಲಿಗೆ ಕೈ ಚಾಚಿದರೆ, "ಬ್ಯಾಡ್ರಿ ಅಕ್ಕಾರ, ನಾನ ಹಾಕ್ಕೋತೀನಿ," ಎನ್ನುತ್ತಿದ್ದಳು. ಅರ್ಧ ಹನಿ ಕೆನ್ನೆಗೆ ಇಳಿಯುತ್ತಿತ್ತು, ಮತ್ತೊಂದು ಹಾಕಿಕೊಳ್ಳುತ್ತಿದ್ದಳು. ಪಟ್ಟಿಯನ್ನೂ ತಾನೇ ಮಾಡಿಕೊಂಡಳು, ಸ್ಕೇಲಿಲ್ಲದ ಸೊಟ್ಟ ಗೆರೆಗಳದ್ದು. ಕಣ್ಣಿನ ಒತ್ತಡ ಅಳೆಯಲು ಹೋದ ದಿನ ಅದನ್ನು ಡಾಕ್ಟರ ಮುಂದೆ ಹರಡಿ, ನಡುವಿನ ಒಂದು ಖಾಲಿ ಚೌಕದ ಮೇಲೆ ಬೆರಳಿಟ್ಟಳು.

"ಇಲ್ಲಿ ಮರತೇನ್ರಿ ಸಾಹೇಬ್ರ."

ಡಾಕ್ಟರು ತಲೆಯಾಡಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಅವಳ ಕರಿ ಕನ್ನಡಕ ಹಿಡಿದುಕೊಂಡು ಕೂತಿದ್ದೆ.