ಕಬೂಲಾಗದ ಗಿಡ

ಮೊನ್ನೆ ನಿಮ್ಮ ಅಮ್ಮಿ ಬಚ್ಚಲಲ್ಲಿ ಕೂತು ಬಕೀಟಿನ ಒಳಗಿನ ಬಿಳಿ ಕರೆಯನ್ನು ಇಟ್ಟಿಗೆ ಚೂರಿನಿಂದ ತಿಕ್ಕುತ್ತಿದ್ದಳು. ಬೋರಿನ ಸವಳು ನೀರು ಬಿಟ್ಟುಹೋದ ಉಪ್ಪು ಅದು. ಆ ಕರಕರ ಸದ್ದು ಕೇಳಲಾಗದೆ ನಾನು ಎದ್ದು ಹೊರಗೆ ಹೋದೆ. "ದಾದಿಗೆ ಏನಾಯ್ತು?" ಎಂದು ನೀವು ಕೇಳಿದಿರಿ. ಬಾಯಿಬಿಟ್ಟು ಹೇಳುವುದು ನನಗೆ ಯಾವತ್ತೂ ಬಂದಿಲ್ಲ, ಮೊಮ್ಮಕ್ಕಳೇ. ಅದಕ್ಕೇ ಬರೆಯುತ್ತಿದ್ದೇನೆ. ಉರ್ದು ಓದುತ್ತೇನೆ, ಬರೆಯಲು ಬರುವುದು ಊರ ಶಾಲೆಯಲ್ಲಿ ಕಲಿತ ಕನ್ನಡವೊಂದೇ.

ನನ್ನ ತವರು ಸರಸಂಬಾದಲ್ಲಿ, ನಮ್ಮ ಓಣಿಯ ಹುಡುಗಿಯರಿಗೆ ಕುರಾನ್ ಓದಲು ಕಲಿಸುವವರೊಬ್ಬರು ಇದ್ದರು. ನಾವೆಲ್ಲ ಅವರನ್ನು ಆಪಾ ಎನ್ನುತ್ತಿದ್ದೆವು. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅವರ ಅಂಗಳದ ನಡುವೆ ಒಂದು ಎಳೆ ಮಾವಿನ ಗಿಡ ಇತ್ತು. ಓದಲು ಕೂರುವ ಮೊದಲು ನಾವು ಆರು ಹುಡುಗಿಯರು ಅದರ ಪಾತಿಯ ಸುತ್ತ ಕಲ್ಲುಗಳ ಮೇಲೆ ಕೂತು ವಜೂ ಮಾಡಬೇಕು. ಕೈ, ಮುಖ, ಕಾಲು ತೊಳೆದ ನೀರೆಲ್ಲ ಬುಡಕ್ಕೇ ಇಳಿಯಬೇಕು. ಒಬ್ಬರಿಗೆ ಒಂದೇ ತಂಬಿಗೆ. ಯಾರಾದರೂ ಹೆಚ್ಚು ಸುರಿದರೆ ಒಳಗಿನಿಂದಲೇ ಗದರುತ್ತಿದ್ದರು.

"ಹರಿಯೋ ಹೊಳಿ ದಂಡಿಗೆ ಕೂತ್ರೂ ನೀರು ಪೋಲು ಮಾಡಬ್ಯಾಡ ಅಂದಾರ ನಮ್ಮ ನಬಿ. ನಿಮ್ಮಪ್ಪ ಏನು ನಿನ್ನ ಹೆಸರಿಗೆ ಹೊಳಿ ಬರಕೊಟ್ಟಾನೇನ್ ಬೇ?"

ನಾವು ಕಿಸಕ್ಕನೆ ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. ಹಚ್ಚಿದ ಗಿಡದ ಹಣ್ಣನ್ನು ಮನುಷ್ಯರು ತಿಂದರೂ, ದನ ತಿಂದರೂ, ಹಕ್ಕಿ ತಿಂದರೂ, ಕದ್ದು ತಿಂದರೂ ಅದು ಹಚ್ಚಿದವರ ಸದಕಾ, ಅಂದರೆ ದಾನ, ಎನ್ನುತ್ತಿದ್ದರು. ಲೋಕವೇ ಮುಗಿಯುವ ಕಿಯಾಮತ್ತಿನ ದಿನ ಬಂದು ನಿಂತರೂ ಕೈಯಲ್ಲಿ ಸಸಿ ಇದ್ದರೆ ಮೊದಲು ಅದನ್ನು ಹಚ್ಚಿಬಿಡಬೇಕಂತೆ. ಒಮ್ಮೆ ಗಿಡವನ್ನೇ ನೋಡುತ್ತ ಹೇಳಿದರು: "ಸತ್ತವರಿಗೆ ಮಕ್ಕಳು ದುವಾ ಮಾಡ್ತಾರ. ನನಗ ಯಾರದಾರ? ನಾ ಹೋದ ಮ್ಯಾಲೆ ಗಿಣಿ ಬಂದು ಇದರ ಹಣ್ಣು ತಿಂದ್ರ, ಅಷ್ಟ ನನಗ ಮುಟ್ಟೂದು."

ಆ ವರ್ಷ ಗಿಡ ಮೊದಲ ಸಲ ಹೂ ಬಿಟ್ಟಿತ್ತು. ಬಿಸಿಲು ಏರಿದಂತೆ ವಜೂ ನೀರು ಸಾಲದಾಯಿತು. ಆಪಾಗೆ ಮೊಣಕಾಲು ನೋವು. ದಿನಾ ಸೀನೀರ ಬಾವಿಯಿಂದ ಎರಡು ಕೊಡ ತಂದು ಗಿಡಕ್ಕೆ ಹಾಕುವ ಕೆಲಸ ಆರು ಜನರಲ್ಲಿ ದೊಡ್ಡವಳಾದ ನನಗೆ ಬಂತು. ಆಗಷ್ಟೇ ಗೊಬ್ಬೂರಿನಲ್ಲಿ ನನ್ನ ಸಂಬಂಧ ಗೊತ್ತಾಗಿತ್ತು. ಬಾವಿಗೆ ಹೋದರೆ ಹೆಂಗಸರು ಕಾದೇ ಇರುತ್ತಿದ್ದರು.

"ಗೊಬ್ಬೂರ ಸೊಸಿ ಬಂದಳ್ ನೋಡ್ರೇ, ಹಾದಿ ಬಿಡ್ರಿ!"

"ಏನ್ ಬೇ, ನಿನ್ನ ಗಂಡಗ ಮೀಸಿ ಮೂಡ್ಯಾವೋ, ಇಲ್ಲಾ ಮದಿವಿ ದಿನ ಕಾಡಿಗಿ ತೀಡಿ ಕಳಸ್ತಾರೋ?"

ಕೆಟ್ಟವರಲ್ಲ, ನಗೆ ಅಷ್ಟೇ. ಆದರೆ ನನಗೆ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು. ಒಂದು ದಿನ ಬಾವಿಯ ಹಾದಿ ಬಿಟ್ಟು ಊರ ಹೊರಗಿನ ಕೈಪಂಪಿಗೆ ಹೋದೆ. ಸವಳು ನೀರೆಂದು ಯಾರೂ ಅಲ್ಲಿಗೆ ಬರುತ್ತಿರಲಿಲ್ಲ. ಗಿಡಕ್ಕೇನು ನಾಲಿಗೆ ಇದೆಯೇ ಅಂದುಕೊಂಡೆ. ಮರುದಿನವೂ ಹೋದೆ. ಆಮೇಲೆ ದಿನಾ...

ಎಲೆಗಳ ಅಂಚು ಸುಟ್ಟಂತೆ ಕಂದಾಯಿತು. ಮಿಡಿಗಳು ಉದುರಿದವು. ಕಣ್ಣಿಗೆ ಪೊರೆ ಬಂದಿದ್ದ ಆಪಾ ಎಲೆಗಳನ್ನು ಬೆರಳಲ್ಲಿ ಸವರಿ ನೋಡಿ, "ನೀರು ಸಾಲವಲ್ದು ಮಗಳ, ಇನ್ನೊಂದು ಕೊಡ ತಾ" ಎಂದರು. ಅದನ್ನೂ ಕೈಪಂಪಿನಿಂದಲೇ ತಂದೆ. ಒಂದು ಬೆಳಿಗ್ಗೆ ಪಾತಿಯ ಮಣ್ಣಿನ ಮೇಲೆ ಬಿಳಿ ಹುಡಿ ಕಂಡಿತು. ಸವಳಿನ ಉಪ್ಪು ಅದು, ನನಗೆ ಎಲ್ಲ ತಿಳಿಯಿತು. ಆಪಾ ಒಳಗೆ ಹೋದಾಗ ಕಾಲಿನಿಂದ ಮಣ್ಣೆಳೆದು ಅದನ್ನು ಮುಚ್ಚಿದೆ.

ಮಳೆ ಬರುವಷ್ಟರಲ್ಲಿ ಗಿಡ ಒಣಗಿ ಕೋಲಾಗಿತ್ತು. ಆಪಾ ಅದರ ಕಾಂಡವನ್ನು ಬುಡದಿಂದ ತುದಿಯವರೆಗೆ ಸವರಿದರು.

"ನನ್ನ ನಿಯತ್ತಿನ್ಯಾಗ ಖೋಟ್ ಇತ್ತು ಕಾಣ್ತದ, ಮನಸು ಚೊಕ್ಕ ಇರಲಿಲ್ಲ," ಎಂದರು. "ನನ್ನ ಸದಕಾ ಅಲ್ಲಾ ಕಬೂಲ್ ಮಾಡಲಿಲ್ಲ."

ತಪ್ಪು ನನ್ನದು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು... ನಾನು ಓಢಣಿಯ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತೆ.

ಮದುವೆಯಾಗಿ, ನಿಮ್ಮ ಅಬ್ಬಾ ಹುಟ್ಟಿದ ಮೇಲೆ ತವರಿಗೆ ಹೋದಾಗ ಡಬ್ಬಿಯಲ್ಲಿ ಒಂದು ಮಾವಿನ ಸಸಿ ಒಯ್ದಿದ್ದೆ. ಈ ಸಲ ಹೇಳಿಯೇಬಿಡಬೇಕೆಂದು ಹಾದಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದೆ. ಆಪಾ ಮಗುವಿನ ತಲೆ ಸವರಿದರು. ಸಸಿಯ ಎಲೆ ಮುಟ್ಟಿ, ಅದು ಏನೆಂದು ತಿಳಿದು, ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆ ದೂಡಿದರು.

"ನಿನ್ನ ಮನ್ಯಾಗ ಹಚ್ಚಿಕೋ. ಅಲ್ಲಾ ಒಮ್ಮೆ ಬ್ಯಾಡಂದಿದ್ದನ್ನ ಮತ್ತ ಕೊಡಾಕ ಹೋಗಬಾರದು."

ಕಿಯಾಮತ್ ಬಂದರೂ ಸಸಿ ಹಚ್ಚು ಎಂದು ಕಲಿಸಿದ ಬಾಯಿ ಅದು. ನಾನು ಚಹಾ ಕುಡಿದೆ, ಸಲಾಂ ಹೇಳಿದೆ, ಡಬ್ಬಿ ಹಿಡಿದುಕೊಂಡು ಎದ್ದು ಬಂದೆ. ಮುಂದಿನ ಸಲ ಹೋಗುವಷ್ಟರಲ್ಲಿ ಆಪಾ ಇರಲಿಲ್ಲ.

ಇದನ್ನು ನಿಮ್ಮ ದಾದಾಗೂ ನಾನು ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ, ಯಾರ ಮಾತೆಂದು ತಿಳಿಸದೆ, ಬೇರೊಬ್ಬರ ಮೂಲಕ ಮೌಲಾನಾರನ್ನು ಕೇಳಿಸಿದೆ. ತೀರಿಹೋದವರ ಹೆಸರಿನಲ್ಲಿ ಗಿಡ ಹಚ್ಚಿದರೆ ಪುಣ್ಯ ಅವರಿಗೆ ಮುಟ್ಟುತ್ತದೆ ಎಂದರು. ಆಪಾರ ಹೆಸರಿನಲ್ಲಿ ಎರಡು ಬೇವು ಹಚ್ಚಿದ್ದೇನೆ, ಬದುಕಿವೆ. ಆದರೆ ತನ್ನ ನಿಯತ್ತೇ ಕೆಟ್ಟದ್ದೆಂದು ನಂಬಿಕೊಂಡು ಹೋದವರಿಗೆ, ಅಲ್ಲ ಆಪಾ, ನಿಮ್ಮದು ಚೊಕ್ಕ ಇತ್ತು ಎಂದು ಬೇವು ಹೇಳುತ್ತದೆಯೇ?

ಹೋದ ತಿಂಗಳು ಸರಸಂಬಾಕ್ಕೆ ಮದುವೆಗೆ ಹೋದಾಗ ಕಬರಸ್ತಾನದ ಗೋಡೆಯ ಹೊರಗೆ ನಿಂತೆ. ಅವರ ಕಬರು ಯಾವುದೆಂದು ಹೇಳುವವರು ಈಗ ಯಾರೂ ಇಲ್ಲ. ಹಾದಿಯಲ್ಲಿ ಇಬ್ಬರು ಹೆಂಗಸರು ಬರುತ್ತಿದ್ದರು. ಅವರು ದಾಟಿಹೋಗಲಿ, ಆಮೇಲೆ ಆಪಾಗೆ ಹೇಳುತ್ತೇನೆ ಅಂದುಕೊಂಡು ಸೆರಗು ಎಳೆದುಕೊಂಡೆ. ಅವರು ದಾಟಿಹೋದರು. ಹಾದಿಯಲ್ಲಿ ಯಾರೂ ಉಳಿಯಲಿಲ್ಲ. ಆಗಲೂ ನನಗೆ ಬಾಯಿ ಬರಲಿಲ್ಲ.